ನಿನ್ನ ಭಾವ ತಂದ ಹಾರ್ಡ್ ಡಿಸ್ಕು

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಸೋಮವಾರ ಸಂಜೆ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಸುರಂಗದೊಳಗೆ ಧೂಳಿಗೆ ಅಂತ ಕೊಟ್ಟ ಮಾಸ್ಕನ್ನು ಮೂಗಿಗೆ ಹಾಕಿಕೊಳ್ಳುತ್ತೀಯೋ, ಶೂರನ ಹಾಗೆ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತೀಯೋ? ಹಾಕಿಕೋ ಮಾರಾಯ. ನಾವೆಲ್ಲ ಚೆನ್ನಾಗಿದ್ದೇವೆ. ನನಗೆ ಕನ್ನಡಕದಂಗಡಿಯಲ್ಲಿ ದಿನವಿಡೀ ಅದೇ ಕೆಲಸ: ಜನ ಕನ್ನಡಕದ ಮೇಲೆ ಕೂತು ಬರುತ್ತಾರೆ, ನಾನು ಅದರ ಕಾಲು ನೆಟ್ಟಗೆ ಮಾಡಿ ಕಳಿಸುತ್ತೇನೆ. ಅಪ್ಪನ ಮಂಡಿ ಮೊದಲಿನಷ್ಟು ಕಾಡುತ್ತಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮನೆಯ ಗೋಡೆಗಳ ವಿಷಯ ನಿನಗೆ ಗೊತ್ತಲ್ಲ, ಇಲ್ಲಿ ಪಿಸುಗುಟ್ಟಿದರೆ ಆಚೆ ಕೋಣೆಯಿಂದ ಉತ್ತರ ಬರುತ್ತದೆ. ಅದಕ್ಕೇ ಕಾಗದ.

ಸುದ್ದಿ ಏನೆಂದರೆ, ನಿನ್ನ ಭಾವ ಎಂಜಿನಿಯರ್ ಆಗಿದ್ದಾರೆ. ಹನ್ನೊಂದು ವರ್ಷದಿಂದ ನೀರು ಸರಬರಾಜು ಕಚೇರಿಯಲ್ಲಿ ಕೂತು ಅರ್ಜಿಗಳ ಮೇಲೆ ಸೀಲು ಒತ್ತುತ್ತಿರುವ ನನ್ನ ಗಂಡ, ಬಲ್ಬು ಬದಲಾಯಿಸಲು ಹೋಗಿ ಹೋಲ್ಡರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತವರು, ನೀನು ಬಿಟ್ಟುಹೋದ ಗೇಮ್ ಬಾಕ್ಸಿನ ಹೊಟ್ಟೆ ಕೊಯ್ದರು. ಕಾರಣ ಕೇಳು. ಕಚೇರಿಯಲ್ಲಿ ಯಾರೋ ಹೊಗಳಿದರೆಂದು ಒಂದು ಕಾರ್ ರೇಸಿನ ಗೇಮು ತಂದರು. ಹಾಕಿದರೆ ಪರದೆಯ ಮೇಲೆ ‘ಜಾಗ ಸಾಲದು, ಇನ್ನೂ ನೂರಿಪ್ಪತ್ತು ಜಿಬಿ ಬೇಕು’ ಎಂದು ಬಂತು. ನಾಲ್ಕು ಕಾರು ಒಂದು ರಸ್ತೆಯಲ್ಲಿ ಸುತ್ತುವುದಕ್ಕೆ ನೂರಿಪ್ಪತ್ತು ಜಿಬಿ! ಆ ಗೇಮು ಮಾಡಿದವರು ದಾರಿಬದಿಯ ಹುಲ್ಲನ್ನು ಒಂದೊಂದಾಗಿ ಎಣಿಸಿ ತುಂಬಿದ್ದಾರೋ ಏನೋ. ‘ಹಳೇದೆಲ್ಲ ಅಳಿಸಿಬಿಡೋಣ, ಗುಂಡ ಹೇಗೂ ಇಲ್ಲ’ ಎಂದು ಇವರು ಹೇಳುವಷ್ಟರಲ್ಲಿ, ಒಳಗಿನ ಕೋಣೆಯಿಂದ ಅಪ್ಪ, ‘ಏನೂ ಅಳಿಸಬೇಡಿ’ ಎಂದರು. ಅಷ್ಟೇ. ಯಾಕೆಂದು ಹೇಳಲಿಲ್ಲ. ನನಗೂ ಆಶ್ಚರ್ಯವಾಯಿತು. ‘ಈ ಡಬ್ಬಿ ಎತ್ತಿ ಬೀದಿಗೆ ಬಿಸಾಕ್ತೀನಿ’ ಎಂದು ನಿನ್ನ ಮೇಲೆ ಕೂಗಾಡಿದ ಬಾಯಿ ಅದೇ. ಆ ಮಾತಿಗೇ ಅಲ್ಲವೇ ನೀನು ಹೇಳದೆ ಕೇಳದೆ ಚೀಲ ಎತ್ತಿಕೊಂಡು ಸುರಂಗದ ಕೆಲಸಕ್ಕೆ ಹೊರಟದ್ದು? ಹದಿನಾಲ್ಕು ತಿಂಗಳಾಯಿತು, ತಂದೆ ಮಗ ಮಾತಾಡಿಲ್ಲ. ಡಬ್ಬಿಯಂತೂ ಬೀದಿಗೆ ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂದು ನಾನೂ ಯೋಚಿಸಲಿಲ್ಲ, ದಡ್ಡಿ.

ಅಳಿಸುವ ಹಾಗಿಲ್ಲ ಎಂದಮೇಲೆ ದೊಡ್ಡ ಹಾರ್ಡ್ ಡಿಸ್ಕ್ ಹಾಕುವುದೆಂದು ತೀರ್ಮಾನವಾಯಿತು. ನಾನು ಮಾಡಿದ ತಪ್ಪು ಒಂದೇ, ‘ಅಳತೆ ನೋಡ್ಕೊಂಡು ಹೋಗಿ’ ಎಂದೆ. ‘ನಾನು ನೋಡ್ಕೋತೀನಿ, ನೀನು ಸುಮ್ನಿರು’ ಎಂದರು. ಶನಿವಾರ ಇಟ್ಟಿಗೆಯಷ್ಟು ದಪ್ಪದ ಡಿಸ್ಕೊಂದನ್ನು ಹೊತ್ತು ತಂದರು. ಅದು ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿಗೆ ಹಾಕುವಂಥದು. ಬಾಕ್ಸಿನೊಳಗಿನ ಗೂಡು ಅಂಗೈಯಷ್ಟೂ ಇಲ್ಲ. ಅದನ್ನು ಹಿಂದೆ ಮುಂದೆ ತಿರುಗಿಸಿ, ಓರೆಯಾಗಿಟ್ಟು, ಕೊನೆಗೆ ಅಂಗೈಯಿಂದ ಗುದ್ದಿಯೂ ನೋಡಿದರು, ಡಿಸ್ಕು ನಾಚಿಕೊಂಡು ಚಿಕ್ಕದಾಗುತ್ತದೆ ಎನ್ನುವ ಹಾಗೆ. ಮತ್ತೆ ಅಂಗಡಿಗೆ. ಅಲ್ಲಿನವನು ಇನ್ನೊಬ್ಬ ಮಹಾಪುರುಷ, ‘ಸರ್, ಇದು ಹಾಕಿ, ಮೊಮ್ಮಕ್ಕಳ ಕಾಲಕ್ಕೂ ಜಾಗ ಸಾಕು’ ಎಂದು ಚಿಕ್ಕದನ್ನು ಕೊಟ್ಟು ಕಳಿಸಿದನಂತೆ. ನಮಗೆ ಮಕ್ಕಳೇ ಇಲ್ಲ, ಮೊಮ್ಮಕ್ಕಳ ಗೇಮಿನ ಚಿಂತೆ ಅವನಿಗೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆಪರೇಷನ್. ಕನ್ನಡಕದಂಗಡಿಯಿಂದ ತಂದ ನನ್ನ ಸಣ್ಣ ಸ್ಕ್ರೂ ಡ್ರೈವರ್ ಮನೆಯಲ್ಲೇ ಇತ್ತು, ಕೇಳಿದ್ದರೆ ಕೊಡುತ್ತಿದ್ದೆ. ಹೆಂಡತಿಯ ಹತ್ತಿರ ಕೇಳುವುದುಂಟೇ! ತರಕಾರಿ ಹೆಚ್ಚುವ ಚಾಕುವಿನ ತುದಿಯಿಂದ ತಿರುಗಿಸಿ ಒಂದು ಸ್ಕ್ರೂವಿನ ತಲೆಯನ್ನು ನುಣ್ಣಗೆ ಸವೆಸಿದರು. ಹೇಗೋ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರು. ಟಿವಿ ಹಾಕಿದರೆ ಏನೂ ಇಲ್ಲ, ಸಿಸ್ಟಮ್ ಫೈಲು ಇರುವ ಪೆನ್ ಡ್ರೈವ್ ಚುಚ್ಚಿ ಎಂಬ ಒಂದು ಸಾಲು. ಹೊಸ ಡಿಸ್ಕು ಖಾಲಿ ಸ್ಲೇಟು, ಬಾಕ್ಸು ಏಳುವುದಕ್ಕೆ ಬೇಕಾದದ್ದನ್ನು ಅದರೊಳಗೆ ಮೊದಲು ಹಾಕಬೇಕು ಎಂಬುದು ಇವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಪದವೂ ಗೊತ್ತಿಲ್ಲವಲ್ಲ. ‘ಹಳೇದರಿಂದ ಇದಕ್ಕೆ ಕಾಪಿ ಮಾಡಿದ್ರಾಯ್ತು’ ಎಂದು ಹಳೆಯ ಡಿಸ್ಕಿಗೆ ವೈರು ಹಾಕಿ ಕಂಪ್ಯೂಟರಿಗೆ ಸಿಕ್ಕಿಸಿದರು. ಆ ಬಾಕ್ಸಿನ ಬರವಣಿಗೆ ಈ ಕಂಪ್ಯೂಟರಿಗೆ ಓದಲು ಬರುವುದಿಲ್ಲ. ಅದು ಪಾಪ, ‘ಈ ಡಿಸ್ಕನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿತು. ಇವರ ಮುಖ ಅರಳಿತು. ‘ನೋಡಿದ್ಯಾ, ಹಳೇದು ಆಗ್ಲೇ ಕೆಟ್ಟಿದೆ. ಹೊಸದು ತಂದಿದ್ದು ಒಳ್ಳೇದೇ ಆಯ್ತು’ ಎಂದು ಹೌದು ಎನ್ನುವ ಗುಂಡಿಯ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದರು.

ಆಗ ಅಪ್ಪ ಬಂದರು. ಯಾವಾಗ ಎದ್ದರೋ ಗೊತ್ತಿಲ್ಲ, ಬಂದು ಇವರ ಮಣಿಕಟ್ಟನ್ನು ಹಿಡಿದರು. ಮೂವತ್ತೆರಡು ವರ್ಷ ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ ಗುಂಡಾ, ನಿನ್ನ ಭಾವನ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು.

‘ಕೈ ತೆಗೀರಿ.’

‘ಮಾವ, ಇದು ಕೆಟ್ಟೋಗಿದೆ, ಕಂಪ್ಯೂಟರೇ ಹೇಳ್ತಿದೆ.’

‘ಮೊನ್ನೆ ಮಧ್ಯಾಹ್ನ ಸರಿ ಇತ್ತು. ಅದರಲ್ಲಿ ಅವನು ಕಟ್ಟಿದ ಊರಿದೆ. ನಾನೇ ನೋಡ್ಕೊಳ್ತಾ ಇದ್ದೀನಿ.’

ಇಷ್ಟು ಹೇಳಿ, ಹೇಳಬಾರದ್ದು ಹೇಳಿದವರ ಹಾಗೆ ಗೋಡೆ ನೋಡಿದರು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಈ ಮನುಷ್ಯ ದಿನಾ ಟಿವಿ ಮುಂದೆ ಕೂತು, ನೀನು ಅರ್ಧ ಕಟ್ಟಿ ಬಿಟ್ಟ ಆ ಊರಿನ ಗೇಮನ್ನು ನಡೆಸುತ್ತಿದ್ದಾರೆ. ನಾನು ವೈರು ಕಿತ್ತೆ, ಸ್ಕ್ರೂ ಡ್ರೈವರ್ ತಂದೆ. ತಲೆ ಸವೆದ ಸ್ಕ್ರೂವಿನ ಮೇಲೆ ರಬ್ಬರ್ ಬ್ಯಾಂಡಿನ ತುಂಡಿಟ್ಟು ಒತ್ತಿ ತಿರುಗಿಸಿದರೆ ಹಿಡಿತ ಸಿಗುತ್ತದೆ, ಕನ್ನಡಕಕ್ಕೆ ದಿನಾ ಮಾಡುವುದೇ ಅದು. ಹಳೆಯ ಡಿಸ್ಕನ್ನು ಅದರ ಗೂಡಿಗೆ ಮರಳಿಸಿ ಬಾಕ್ಸು ಹಾಕಿದೆ. ಪರದೆ ಬೆಳಗುವವರೆಗೆ ಅಪ್ಪ ಕೂರಲಿಲ್ಲ. ನಿನ್ನ ಊರು ಬಂತು. ಊರೇನು, ಎಂಥ ಊರು! ನೀನು ಹೋಗುವಾಗ ನಾಲ್ಕು ಬೀದಿ ಇತ್ತು. ಈಗ ಇಪ್ಪತ್ತಾರು ಬಸ್ ರೂಟು, ಎರಡು ಡಿಪೋ, ಪ್ರತಿ ಶಾಲೆಯ ಮುಂದೆ ಒಂದು ನಿಲ್ದಾಣ. ಅಪ್ಪ ಒಂದೊಂದೇ ತೋರಿಸುತ್ತ ನಿನ್ನನ್ನು ಬೈದದ್ದೂ ಬೈದದ್ದೇ. ‘ಈ ತಿರುವು ನೋಡು, ಕತ್ತೆ ಹಾಕಿದ ಹಾಗೆ ಹಾಕಿದ್ದ. ಇಲ್ಲಿ ಬಸ್ ತಿರುಗೋದು ಹೇಗೆ? ಸರಿ ಮಾಡೋಕೆ ನನಗೆ ವಾರ ಹಿಡೀತು.’ ಬೈಯುತ್ತಲೇ ಹೆಗಲ ಮೇಲಿನ ಟವೆಲಿನಿಂದ ಪರದೆಯ ಧೂಳು ಒರೆಸುತ್ತಿದ್ದರು. ನಾನು ನೋಡದವಳ ಹಾಗೆ ಚಿಲ್ಲರೆ ಸ್ಕ್ರೂಗಳನ್ನು ಆರಿಸುತ್ತಿದ್ದೆ.

ಆಮೇಲೆ ಕೆಲಸ ನಾನೇ ಮಾಡಿದೆ. ಬಾಕ್ಸಿನೊಳಗಿಂದಲೇ ಊರನ್ನು ಪೆನ್ ಡ್ರೈವಿಗೆ ಇಳಿಸಿ, ಇನ್ನೊಂದಕ್ಕೂ ಇಳಿಸಿ, ಸಿಸ್ಟಮ್ ಫೈಲು ತಂದು ಹೊಸ ಡಿಸ್ಕನ್ನು ಎಬ್ಬಿಸಿ, ಊರನ್ನು ಮತ್ತೆ ಒಳಗೆ ಹಾಕಿದೆ. ಸಂಜೆ ದೀಪ ಹಾಕುವ ಹೊತ್ತಿಗೆ ಮುಗಿಯಿತು. ಅಪ್ಪ ಪಕ್ಕದಲ್ಲೇ ಕಾವಲು ಕೂತಿದ್ದರು. ನಿನ್ನ ಭಾವನ ಪಾಲಿಗೆ ಉಳಿದದ್ದು ಟಾರ್ಚು ಹಿಡಿಯುವ ಕೆಲಸ, ಅದನ್ನೂ ತಮ್ಮ ಮುಖಕ್ಕೇ ಹಿಡಿದುಕೊಂಡರು. ಈಗ ಇಬ್ಬರಿಗೂ ಜಾಗವಿದೆ. ಇವರು ಕಾರು ಓಡಿಸಿ ಪ್ರತಿ ತಿರುವಿನಲ್ಲೂ ಗೋಡೆಗೆ ಗುದ್ದುತ್ತಾರೆ. ಹೊಸ ಡಿಸ್ಕಿನ ಡಬ್ಬದ ಮೇಲೆ ಸಾವಿರ ಜಿಬಿ ಎಂದಿದೆ, ಒಳಗೆ ಒಂಬೈನೂರ ಮೂವತ್ತೊಂದೇ ಇದೆ, ಉಳಿದದ್ದನ್ನು ಅಂಗಡಿಯವನು ತೆಗೆದುಕೊಂಡಿದ್ದಾನೆ ಎಂದು ಇವತ್ತು ಬೆಳಿಗ್ಗೆ ಜಗಳಕ್ಕೂ ಹೋಗಿದ್ದರು. ಡಬ್ಬದವರ ಲೆಕ್ಕ ಸಾವಿರದಲ್ಲಿ, ಯಂತ್ರದ ಲೆಕ್ಕ ಸಾವಿರದ ಇಪ್ಪತ್ನಾಲ್ಕರಲ್ಲಿ ಎಂದು ನಾನು ವಿವರಿಸಿದರೆ, ‘ನಿನಗೇನು ಗೊತ್ತು’ ಎಂದರು. ಕಚೇರಿಯಲ್ಲಿ ‘ನಾನೇ ಬಿಚ್ಚಿ ಹಾಕ್ದೆ’ ಎಂದು ಕೊಚ್ಚಿಕೊಂಡು, ಒಬ್ಬ ಸಹೋದ್ಯೋಗಿಯ ಬಾಕ್ಸು ಬಿಚ್ಚಲು ಒಪ್ಪಿಕೊಂಡು ಬಂದಿದ್ದಾರೆ. ಆ ಮನೆಯವರಿಗೆ ಒಳ್ಳೆಯದಾಗಲಿ.

ಮೈ ಹುಷಾರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ಚೆನ್ನಾಗಿರು ಗುಂಡಾ, ನಿನ್ನನ್ನು ಬೈಯಲು ನಾವೂ ಇರುತ್ತೇವೆ. ಭಾವ ಕೇಳಿದೆನೆಂದು ಬರೆಯಲು ಹೇಳಿದರು, ಬರೆದಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಕವರು ಅಂಟಿಸುವಾಗ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಹೊಳೆಯ ಮೇಲೆ ನೀನು ಕಟ್ಟಿದ ಸೇತುವೆ ಕಿರಿದಂತೆ, ಎದುರುಬದುರು ಎರಡು ಬಸ್ಸು ಹೋಗುವುದಿಲ್ಲವಂತೆ, ಕೆಡವಬೇಕಂತೆ. ‘ಆದರೆ ಅದು ಅವನದ್ದು, ಕೇಳದೆ ಮುಟ್ಟಲ್ಲ’ ಎಂದು ನಿನ್ನ ನಂಬರು ಬರೆಸಿಕೊಂಡು ಹೋಗಿದ್ದಾರೆ. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ. ಎತ್ತು. ಮೊದಲ ಸಲವೇ ಒಪ್ಪಿಬಿಡಬೇಡ, ಸೇತುವೆ ಹಾಗೇ ಇರಲಿ ಎಂದು ವಾದ ಮಾಡು. ಆಗ ಮತ್ತೆ ಮಾಡುತ್ತಾರೆ.