ಬೆರಳು ಆರಿಸಿದ ಜಾಲರಿ

ಬುಧವಾರ, ಮಧ್ಯಾಹ್ನ ಮೂರು ಗಂಟೆ
ಮೂರನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ

ನನ್ನ ಸಿಡುಕಿ ಮಗಳೇ,

ನೀನು ಇದೇ ಆಸ್ಪತ್ರೆಯ ಒಂದನೇ ಮಹಡಿಯಲ್ಲಿ ನರ್ಸ್ ಸಮವಸ್ತ್ರ ತೊಟ್ಟು ಓಡಾಡುತ್ತಿರುವಾಗ, ಎರಡು ಮಹಡಿ ಮೇಲಿಂದ ಅಮ್ಮ ಕಾಗದ ಬರೆಯುವುದು ನಗೆಪಾಟಲಿನ ಸಂಗತಿ. ಏನು ಮಾಡಲಿ, ಎದುರಿಗೆ ಬಂದರೆ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ನಾಳೆ ಹತ್ತು ಗಂಟೆಗೆ ನನಗೆ ಆಪರೇಷನ್ ಮಾಡಿದ ಸರ್ಜನ್ ಮೇಲೆ ವಿಚಾರಣೆ. ದೂರು ಕೊಟ್ಟವಳು ನೀನು, ಸಾಕ್ಷಿ ನಾನು. ಅದಕ್ಕೆ ಮೊದಲು ನೀನು ಇದನ್ನು ಓದಲೇಬೇಕು.

ನನ್ನ ಕಾಯಿಲೆಯನ್ನು ಮೂರು ವರ್ಷ ನಿನ್ನಿಂದ ಮುಚ್ಚಿಟ್ಟೆ. ಹಿಂಬದಿಯಿಂದ ಕರುಳು ಹೊರಗೆ ಜಾರುತ್ತದೆ ಎಂದು ಹೆತ್ತ ಮಗಳಿಗೆ ಹೇಳುವುದು ಹೇಗೆ? ಒಳಗೆ ಬಟ್ಟೆ ಮಡಚಿ ಇಟ್ಟುಕೊಂಡು, ಹೊಲಿಗೆ ಯಂತ್ರದ ಮುಂದೆ ಒಂದೇ ಮಗ್ಗುಲಿಗೆ ಭಾರ ಹಾಕಿ ಕುಳಿತು, ಊರಿನ ಅರ್ಧ ಜನರ ಬಟ್ಟೆ ಹೊಲಿದೆ. ಕೊನೆಗೆ ನೀನೇ ಕಂಡುಹಿಡಿದು, ಬಾಯಿಗೆ ಬಂದಂತೆ ಬೈದು, ನನ್ನನ್ನು ಇಲ್ಲಿಗೆ ಎಳೆದುಕೊಂಡು ಬಂದೆ.

ಸರ್ಜನ್ ಆ ದಿನ ಮೇಜಿನ ಮೇಲೆ ಎರಡು ಜಾಲರಿ ಇಟ್ಟರು. ಜಾರುವ ಕರುಳಿಗೆ ಜಾಲರಿಯ ಒಂದು ತುದಿ ಹೊಲಿದು, ಇನ್ನೊಂದನ್ನು ಬೆನ್ನಿನ ಕೆಳಗಿನ ಮೂಳೆಗೆ ಬಿಗಿಯುತ್ತೇವೆ ಎಂದು ವಿವರಿಸಿದರು. ಒಂದು ಪ್ಲಾಸ್ಟಿಕ್ ನೂಲಿನದು, ಇನ್ನೊಂದು ಪ್ರಾಣಿಯ ಚರ್ಮದಿಂದ ಮಾಡಿದ್ದು. ಪ್ಲಾಸ್ಟಿಕ್ಕಿನದು ಗಟ್ಟಿ, ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಕರುಳನ್ನೇ ಕೊರೆಯಬಹುದು. ಚರ್ಮದ್ದು ಮೆತ್ತಗೆ, ಕೊರೆಯುವುದು ಅಪರೂಪ, ಆದರೆ ಕಾಲ ಕಳೆದಂತೆ ಸಡಿಲವಾಗಿ ಕರುಳು ಮತ್ತೆ ಜಾರಬಹುದು ಎಂದರು. "ನಿಮಗೆ ಮೆತ್ತಗಿರೋದೇ ಒಳ್ಳೇದು ಅಂತ ನನಗನ್ಸುತ್ತೆ, ಯೋಚನೆ ಮಾಡಿ" ಎಂದೂ ಹೇಳಿದರು.

ನಾನು ಯೋಚನೆ ಮಾಡಲಿಲ್ಲ, ಮುಟ್ಟಿ ನೋಡಿದೆ. ಮೂವತ್ತು ವರ್ಷದಿಂದ ಅಂಗಡಿಯಲ್ಲಿ ಮಾಡುವುದೂ ಅದನ್ನೇ ತಾನೆ? ಹೆಬ್ಬೆರಳಿನಲ್ಲಿ ಒತ್ತಿ ಎಳೆದೆ, ಅಂಚು ಬಿಡುತ್ತದೆಯೇ ಎಂದು ಉಜ್ಜಿದೆ. ಮೆತ್ತಗಿನದರಲ್ಲಿ ಹೊಲಿಗೆ ನಿಲ್ಲುವುದಿಲ್ಲ ಎಂದು ಬೆರಳೇ ತೀರ್ಪು ಕೊಟ್ಟಿತು. "ಇದೇ ಹಾಕಿ ಸಾರ್, ಬಟ್ಟೆ ವಿಷಯ ನನಗೆ ಬಿಡಿ" ಎಂದು ಪ್ಲಾಸ್ಟಿಕ್ಕಿನದನ್ನು ಅವರ ಕಡೆ ತಳ್ಳಿದೆ. ಅವರು ಇನ್ನೊಮ್ಮೆ ಕೇಳಿದರು. ನಾನು ಜಂಭದಿಂದ ನಕ್ಕೆ. ಮೈಯೊಳಗೆ ಇಡುವುದಕ್ಕೂ ಮೈಮೇಲೆ ತೊಡುವುದಕ್ಕೂ ವ್ಯತ್ಯಾಸವಿದೆ ಎಂಬ ಬುದ್ಧಿ ಆಗ ಬರಲಿಲ್ಲ.

ಒಂದು ವರ್ಷ ಹಾಯಾಗಿದ್ದೆ. ಆಮೇಲೆ ರಕ್ತ, ಕೀವು, ಕೂರಲಾಗದ ನೋವು. ಜಾಲರಿ ಕರುಳನ್ನು ಕೊರೆದು ಒಳಗೆ ಬಂದಿದೆ ಎಂದು ತಿಳಿದ ದಿನ ನೀನು ಕೆಂಡಾಮಂಡಲವಾದೆ. "ಇದನ್ನೇ ಹಾಕಿ ಅಂತ ನೀನ್ ಹೇಳಿದ್ಯಾ?" ಎಂದು ನೀನು ಕೇಳಿದೆ. ನೆನಪಿಲ್ಲ ಎಂದೆ. ನೀನು ಆ ಜಾಲರಿಯ ಒಪ್ಪಿಗೆ ಪತ್ರ ತೋರಿಸಿದರೆ, ಆ ಸೊಟ್ಟ ಸಹಿ ನನ್ನದಲ್ಲ ಎಂದೂ ಹೇಳಿಬಿಟ್ಟೆ. ಅದು ನನ್ನದೇ, ಮಗಳೇ. ಆಪರೇಷನ್ ಭಯಕ್ಕೆ ಅಂದು ಕೈ ನಡುಗುತ್ತಿತ್ತು.

ನೀನು ದೂರು ಕೊಟ್ಟಂದಿನಿಂದ ಆ ಮನುಷ್ಯನಿಗೆ ಆಪರೇಷನ್ ಮಾಡಲು ಬಿಟ್ಟಿಲ್ಲ. ಸಹಿ ಅವರೇ ಗೀಚಿದ್ದು ಎಂದು ನಾಳೆ ತೀರ್ಮಾನವಾದರೆ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ನಿನ್ನೆ ಕಾರಿಡಾರಿನಲ್ಲಿ ಎದುರಾದರು. ಬೈಯಲಿಲ್ಲ. "ನೋವು ಹೇಗಿದೆ ಅಮ್ಮಾ? ಶುಕ್ರವಾರ ಜಾಲರಿ ತೆಗೆಯೋ ಡಾಕ್ಟ್ರು ನನಗಿಂತ ಚೆನ್ನಾಗಿ ಮಾಡ್ತಾರೆ, ಹೆದರ್ಬೇಡಿ" ಎಂದು ಹೇಳಿ ಹೋದರು. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ನಾಳೆ ನಿಜ ಹೇಳುತ್ತೇನೆ. ಎಲ್ಲರ ಮುಂದೆ ನೀನು ತಲೆ ತಗ್ಗಿಸಬೇಕಾಗುತ್ತದೆ, ಅದೂ ನನ್ನಿಂದ. ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಸಿಟ್ಟು ಎಷ್ಟಾದರೂ ಮಾಡಿಕೋ, ಊಟ ಮಾತ್ರ ಬಿಡಬೇಡ.

ನಿನಗೆ ತಲೆನೋವು ತಪ್ಪಿಸಲು ಹೋಗಿ ತಲೆಯ ಮೇಲೇ ಕೂತವಳು,
ಅಮ್ಮ

ಮೇಲೆ ಬರೆಯಲು ಧೈರ್ಯ ಸಾಲದ್ದು: ನನ್ನ ಗಂಟುನೋವಿಗೆ ನೀನು ಡಾಕ್ಟರ ಚೀಟಿಯಿಲ್ಲದೆ ತಂದುಕೊಟ್ಟ ಸ್ಟೀರಾಯ್ಡ್ ಮಾತ್ರೆ ನೆನಪಿದೆಯೇ? ಹತ್ತು ದಿನ ಸಾಕು ಎಂದು ನೀನೇ ಹೇಳಿದ್ದೆ. ನಾನು ಮಾತ್ರೆಯ ಖಾಲಿ ಪಟ್ಟಿ ತೋರಿಸಿ, ಔಷಧಿ ಅಂಗಡಿಯಿಂದ ತರಿಸಿ, ಆಪರೇಷನ್ನಿಗೆ ಮೊದಲೂ ಆಮೇಲೂ ತಿನ್ನುತ್ತಲೇ ಇದ್ದೆ. ಅದನ್ನು ತಿನ್ನುವವರಿಗೆ ಗಾಯ ಮಾಯುವುದು ಕಷ್ಟ, ಜಾಲರಿ ಕೊರೆಯುವ ಅಪಾಯ ಹೆಚ್ಚು ಎಂದು ಇವತ್ತು ಬೆಳಿಗ್ಗೆ, ಜಾಲರಿ ತೆಗೆಯಲಿರುವ ಹೊಸ ಡಾಕ್ಟರಿಂದ ತಿಳಿಯಿತು. ಅಂದು ಸರ್ಜನ್ ಕೇಳಿದಾಗ ನಾನು ಯಾವ ಮಾತ್ರೆಯೂ ಇಲ್ಲ ಎಂದಿದ್ದೆ, ನಿನ್ನ ಕೆಲಸಕ್ಕೆ ಕುತ್ತು ಬಂದೀತೆಂದು. ನಾಳೆ ಮಾತ್ರೆ ತಿಂದದ್ದನ್ನೂ ಹೇಳುತ್ತೇನೆ. ಮೊದಲ ಪಟ್ಟಿ ತಂದುಕೊಟ್ಟವರು ಯಾರೆಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನಾನು ಬಾಯಿ ಬಿಡುವುದಿಲ್ಲ. ನೀನು ಅಲ್ಲೇ ಎದುರಿಗೆ ಕೂತಿರುತ್ತೀಯ.