ಹೇಂಟೆ ತಳ್ಳಿದ ಬಾಗಿಲು

ಅತ್ತೆಯವರಿಗೆ ನಮಸ್ಕಾರ. ಕೆಮ್ಮು ಬಿಟ್ಟಿದೆ, ನೀವು ಕೊಟ್ಟ ಪುಡಿ ಮಾತ್ರ ಡಬ್ಬಿಯಲ್ಲೇ ಇದೆ, ಬೈಯಬೇಡಿ.

ಇಲ್ಲಿ ನನ್ನ ಕೆಲಸ ಕೋಳಿಯ ಮನಸ್ಸು ಅಳೆಯುವುದು. ಮೊಟ್ಟೆಯಿಡುವ ಹೊತ್ತಿಗೆ, ಹುಲ್ಲು ಹಾಸಿದ ಗೂಡಿನ ಬಾಗಿಲಿಗೆ ತೂಕ ಕಟ್ಟುತ್ತೇವೆ. ಇವತ್ತು ಒಂದು ಹೇಂಟೆ ಪಕ್ಕದಲ್ಲಿದ್ದ ಕಾಳನ್ನು ಮೂಸಿಯೂ ನೋಡದೆ, ಒಂದೂವರೆ ಕಿಲೋ ಕಟ್ಟಿದ ಬಾಗಿಲನ್ನು ಎದೆಯಿಂದ ತಳ್ಳಿ ಒಳಗೆ ಹೋಗಿ ಕೂತುಬಿಟ್ಟಿತು. “ಅದು ಬಾಯಿಬಿಟ್ಟು ಕೇಳಲ್ಲವಲ್ಲಮ್ಮ, ಅದಕ್ಕೇ ಎಷ್ಟು ತಳ್ಳುತ್ತೆ ಅಂತ ನೋಡೋದು” ಎಂದರು ನಮ್ಮ ಪ್ರೊಫೆಸರು.

ನಿಮ್ಮ ನೆನಪಾಯಿತು. ನನ್ನ ಹೆರಿಗೆಗೆ ವಾರವಿದ್ದಾಗ, ನಾನು ಬಾಯಿಬಿಡುವ ಮೊದಲೇ ನಿಮ್ಮ ಕೋಣೆ ನನಗೆ ಬಿಟ್ಟು, ಆ ಮಂಡಿನೋವಿನಲ್ಲೂ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಹೋದಿರಿ. ನಾನೋ, ಅದೇನು ಮಹಾ ಎನ್ನುವಂತೆ ಮಲಗಿಬಿಟ್ಟೆ.

ಕಾರ್ಡಿನಲ್ಲಿ ಜಾಗವಿಲ್ಲ. ಮಗುವಿಗೆ ಮುತ್ತು. ನಾನು ಒಂದು ಬಾಗಿಲನ್ನೂ ತಳ್ಳಬೇಕಾಗಲಿಲ್ಲ, ಅತ್ತೆ.

ನಿಮ್ಮ ಸೊಸೆ