ನಿಂಬೆಹಣ್ಣು ಹತ್ತಿ ನಿಲ್ಲದೆ ಹೋದ ನನ್ನ ಕಾರಿನ ಬಗ್ಗೆ

ಪಶ್ಚಿಮ ಬಡಾವಣೆಗಳ ಗ್ಯಾರೇಜು ಮಾಲೀಕರ ಸಂಘದ ಅಧ್ಯಕ್ಷರಿಗೆ

ಮಾನ್ಯರೇ,

ಮೊನ್ನೆ ನನಗೊಂದು ಕನಸು ಬಿತ್ತು. ನನ್ನ ಅಂಬಾಸಡರ್ ಕಾರು ಮದುಮಕ್ಕಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ತಾನಾಗಿಯೇ ಹೋಗುತ್ತಿದೆ. ಹಿಂದೆ ವಾಲಗದವರು ಓಡುತ್ತಿದ್ದಾರೆ, ಅವರ ಹಿಂದೆ ನಾನು, ಕೈಯಲ್ಲಿ ಒಂದು ನಿಂಬೆಹಣ್ಣು. ಎಚ್ಚರವಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ಮದುಮಕ್ಕಳನ್ನೂ ವಾಲಗವನ್ನೂ ಬಿಟ್ಟರೆ ಮಿಕ್ಕದ್ದೆಲ್ಲ ನಿಮ್ಮ ಸಂಘದ ಸದಸ್ಯರೊಬ್ಬರ ಗ್ಯಾರೇಜಿನಲ್ಲಿ ಹಾಡಹಗಲೇ ನಡೆದಿದೆ. ಪರಿಹಾರ ಕೇಳಿದರೆ ಕೊಡಿಸಲಾಗದು ಎಂದು ನೀವು ಬರೆದಿದ್ದೀರಿ. ಅದೇ ನನ್ನ ದೂರು.

ನಾನು ಆರನೇ ಕ್ಲಾಸನ್ನು ಮೂರು ಶಾಲೆಗಳಲ್ಲಿ ಓದಿ ಒಂದರಲ್ಲೂ ಮುಗಿಸದವನು. ಬರವಣಿಗೆ ಹೆಚ್ಚುಕಡಿಮೆಯಾದರೆ ಮನ್ನಿಸಿ. ಚಿಂತೆ ಮಾಡುವುದರಲ್ಲಿ ಮಾತ್ರ ಫಸ್ಟ್ ಕ್ಲಾಸು. ಬೀಗ ಹಾಕಿ ಮೂರು ಸಲ ಎಳೆದು ನೋಡಿದರೆ ನನ್ನ ಹೆಂಡತಿ ಇಂದ್ರಮ್ಮ, "ಕಿತ್ತು ಕೈಗೇ ಬರೋವರ್ಗೂ ಬಿಡಬೇಡಿ," ಎನ್ನುತ್ತಾಳೆ. ರಾಜಾಜಿನಗರ, ವಿಜಯನಗರದ ಮದುವೆ ಮೆರವಣಿಗೆಗಳಿಗೆ ಬಾಡಿಗೆ ಹೋಗುವುದೇ ನಮ್ಮ ಕಾರಿನ ಕೆಲಸ; ನಮ್ಮಿಬ್ಬರ ಅನ್ನವೂ ಅದೇ. ಇಂಥವನು, ಬ್ರೇಕು ಸ್ವಲ್ಪ ಕೀಚ್ ಎಂದಿತೆಂದು ಆಯುಧಪೂಜೆಗೆ ಎರಡು ದಿನ ಮುಂಚೆ ಕಾರನ್ನು ಮಾಗಡಿ ರಸ್ತೆಯ ಪಂಚಾಕ್ಷರಿಯವರ ಗ್ಯಾರೇಜಿಗೆ ಬಿಟ್ಟೆ.

ಹಬ್ಬದ ದಿನ ಅವರೇ ಕರೆದರೆಂದು ಹೋದೆ. ನನ್ನ ಕಾರಿನ ಬ್ರೇಕಿನ ಸಾಮಾನೆಲ್ಲ ಬಿಚ್ಚಿ, ತೊಳೆದು, ಸ್ಪ್ಯಾನರುಗಳ ಪಕ್ಕದಲ್ಲಿ ಬಾಳೆಲೆಯ ಮೇಲಿಟ್ಟು ಕುಂಕುಮ ಹಚ್ಚಿದ್ದರು. ಅವರ ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಬ್ರೇಕಿಲ್ಲದ ಕಾರು ಅಂಗಳದಲ್ಲಿ ಹಾರ ಹಾಕಿಕೊಂಡು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟುಕೊಂಡು ತಯಾರಾಗಿ ನಿಂತಿತ್ತು. ಹೆಡ್ ಮೇಸ್ತ್ರಿ ದೊಡ್ಡಹನುಮಯ್ಯ ಸ್ಟೇರಿಂಗ್ ಹಿಡಿದು ಕೂತ.

"ಹನುಮಯ್ಯ, ಬ್ರೇಕು ಎಲೆ ಮೇಲೈತಲ್ಲೋ!" ಎಂದೆ.

"ಪೂಜೆಗೆ ಯಾಕಣ್ಣ ಬ್ರೇಕು? ಎರಡಡಿ ಮುಂದಕ್ಕೋಗಿ ನಿಲ್ಲೋದು, ಅಷ್ಟೇಯ."

"ನಿಲ್ಲೋದಕ್ಕೇ ಅಲ್ವೇನೋ ಬ್ರೇಕು?"

"ಹಬ್ಬದ ದಿನ ಅಪಶಕುನ ಮಾತಾಡ್ಬೇಡಿ. ಕಡ್ಲೆಪುರಿ ತಿನ್ನಿ."

ತಿನ್ನುತ್ತಾ ನಿಂತೆ. ನಾಲ್ಕು ನಿಂಬೆಹಣ್ಣೂ ಲಕ್ಷಣವಾಗಿ ಚಪ್ಪಟೆಯಾದವು. ಕಾರು ಆಮೇಲೂ ಹೋಗುತ್ತಲೇ ಇತ್ತು. ಅಂಗಳದ ಇಳಿಜಾರು ಇಳಿದು, ಗೇಟಿನ ಕಲ್ಲುಕಂಬಕ್ಕೆ ಮುಖ ಕೊಟ್ಟು ನಿಂತಿತು. ಎಡಗಡೆಯ ಹೆಡ್‌ಲೈಟು ಪುಡಿ, ಗ್ರಿಲ್ಲು ಒಳಕ್ಕೆ, ಬಾನೆಟ್ಟು ಮೇಲಕ್ಕೆ. "ಇದ್ದಬದ್ದ ದೃಷ್ಟಿಯೆಲ್ಲಾ ಹೋಯ್ತು ಬಿಡಿ ಅಂಜಿನಯ್ಯನೋರೆ," ಎಂದರು ಪಂಚಾಕ್ಷರಿ. ಹೋದದ್ದು ನಿಜ, ಕಾರಿನದು.

ನಿಮ್ಮ ಉತ್ತರವನ್ನು ನಾಲ್ಕು ಸಲ ಓದಿದೆ. ಆಯುಧಪೂಜೆಯಂದು ಗ್ಯಾರೇಜಿಗೆ ರಜೆ, ಉಪಕರಣಗಳಿಗೆ ವಿಶ್ರಾಂತಿ. ಆದ್ದರಿಂದ ಅಂದಿನ ನಷ್ಟವು ದುರಸ್ತಿ ಕೆಲಸದಲ್ಲಿ ಆದ ನಷ್ಟವಲ್ಲ ಎಂದಿದ್ದೀರಿ. ಎಂಥ ತೀರ್ಪು! ಆಸ್ಪತ್ರೆಯವರು ಭಾನುವಾರ ರೋಗಿಯನ್ನು ಮಂಚದಿಂದ ಕೆಡವಿದರೆ ಅವನು ಬಿದ್ದಂತೆಯೇ ಅಲ್ಲವೇ? ಕಾರಿನ ಕೀ ಅವರ ಗೋಡೆಯ ಮೊಳೆಯಲ್ಲಿತ್ತು, ಬ್ರೇಕು ಅವರ ಎಲೆಯ ಮೇಲಿತ್ತು. ನನ್ನ ಕೈಯಲ್ಲಿದ್ದದ್ದು ಕಡ್ಲೆಪುರಿ ಮಾತ್ರ. ಇದು ಸಾಲದೆಂದು ಕೊನೆಗೊಂದು ಸಾಲು ಸೇರಿಸಿದ್ದೀರಿ: ಎಡ ದೀಪವು ವಾಹನ ಬಿಡುವಾಗಲೇ ಒಡೆದಿತ್ತೆಂದು ಗ್ಯಾರೇಜಿನ ಮಾಲೀಕರು ತಿಳಿಸಿರುತ್ತಾರೆ. ಅದನ್ನು ಓದಿದ ಮೇಲೆ ಎರಡು ದಿನ, ಹೌದೇನೋ, ಒಡೆದೇ ಇತ್ತೇನೋ ಎಂದು ನನಗೇ ಅನುಮಾನ ಹತ್ತಿತು. ನನ್ನ ಸ್ವಭಾವ ಅಂಥದ್ದು.

ಕಾರ್ತೀಕದಲ್ಲಿ ಲಗ್ನಗಳು ಶುರು. ಮೊದಲನೇ ಮದುವೆ ಸುಂಕದಕಟ್ಟೆಯ ಜಗದಾಂಬಾ ಅವರ ಮಗಳದು. ಅವರು ಗ್ಯಾರೇಜಿಗೇ ಬಂದು ಕಾರು ನೋಡಿ ಸೆರಗು ಬಾಯಿಗಿಟ್ಟುಕೊಂಡರು. "ಒಂಟಿಗಣ್ಣಿನ ಗಾಡೀಲಿ ಅಳೀನ ಕರ್ಕೊಂಬರೋದಾ? ಬೀಗ್ರು ಬಾಗ್ಲಲ್ಲೇ ನಗ್ತಾರೆ. ಹುಣ್ಣಿಮೆಯೊಳ್ಗೆ ಮುಖ ಸರಿ ಮಾಡ್ಸಿ, ಇಲ್ದಿದ್ರೆ ಬೇರೆಯವ್ರನ್ನ ನೋಡ್ಕೋತೀವಿ." ಮೊದಲ ಮದುವೆಗೇ ತಪ್ಪಿಸಿಕೊಂಡ ಕಾರನ್ನು ಎರಡನೆಯವರು ಕರೆಯುತ್ತಾರೆಯೇ?

ನನಗೆ ದುಡ್ಡು ಬೇಡ. ಹೊಸ ದೀಪ, ಹೊಸ ಗ್ರಿಲ್ಲು, ನೆಟ್ಟಗಿರುವ ಬಾನೆಟ್ಟು, ಎಲ್ಲವೂ ಪಂಚಾಕ್ಷರಿಯವರ ಖರ್ಚಿನಲ್ಲಿ, ಹುಣ್ಣಿಮೆಯೊಳಗೆ ಆಗಬೇಕು. ಬ್ರೇಕನ್ನೂ ಎಲೆಯಿಂದೆತ್ತಿ ಕಾರಿಗೆ ಹಾಕಿಸಿ. ಗ್ರಾಹಕರಿಗೆಂದೇ ಹೊಸ ಕಾನೂನು ಬಂದಿದೆಯೆಂದು ರೇಡಿಯೊದಲ್ಲಿ ಹೇಳುತ್ತಾರೆ. ಅದರ ಕೋರ್ಟಿಗೆ ಹೋಗಲು ನನಗೆ ಭಯ. ನಿಮಗೂ ಇರಬಹುದೆಂದು ಜ್ಞಾಪಿಸಿದೆ, ಅಷ್ಟೆ.

ಕೊನೆಗೊಂದು ಚಿಕ್ಕ ವಿಷಯ. ಅಂದಿನ ಪೂಜೆಗೆ ಮುಖ್ಯ ಅತಿಥಿಗಳು ತಾವೇ. ಫೋಟೊ ತೆಗೆಸಿಕೊಂಡು, ನಿಂಬೆಹಣ್ಣು ಇಡುವ ಮುಂಚೆಯೇ ಇನ್ನೊಂದು ಪೂಜೆಗೆ ಹೊರಟಿರಂತೆ. ಉತ್ತರ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದ ದಿನ ತಾವಿರಲಿಲ್ಲ. ಆ ಫೋಟೊ ಕಟ್ಟು ಹಾಕಿಸಿಕೊಂಡು ನಿಮ್ಮ ಕುರ್ಚಿಯ ಹಿಂದೆ ತೂಗುತ್ತಿತ್ತು. ಅದರಲ್ಲಿ ನಿಮ್ಮ ಬಲಗೈ ಇರುವುದು ನನ್ನ ಕಾರಿನ ಬಾನೆಟ್ಟಿನ ಮೇಲೆ. ಎಡಗಡೆಯ ದೀಪದ ಗಾಜಿಗೆ ಯಾರೋ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದಾರೆ. ಒಡೆದ ಗಾಜಿನ ಮೇಲೆ ಹಾಗೆ ಎಳೆದಿದ್ದರೆ ಬೆರಳು ಉಳಿಯುತ್ತಿತ್ತೇ? ಆದರೂ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಸಾಲದು. ದಯವಿಟ್ಟು ಕುರ್ಚಿ ತಿರುಗಿಸಿ ಇನ್ನೊಂದು ಸಲ ನೋಡಿ ಹೇಳಿ: ಆ ಗಾಜು ಪೂರ್ತಿ ಇದೆ, ಅಲ್ಲವೇ?

ಇಂತಿ,
ನಿಮ್ಮ ಬೆನ್ನ ಹಿಂದೆ ತೂಗುತ್ತಿರುವ ಕಾರಿನ, ಸದ್ಯಕ್ಕೆ ನಡೆದೇ ಓಡಾಡುವ ಯಜಮಾನ
ಅಂಜಿನಯ್ಯ, ರಾಜಾಜಿನಗರ